ನೂರು ಡಾಲರ್ ಶಾಸಕ, ಶನಿವಾರಸಂತೆಯ ಮಾವ

ನಮ್ಮೂರಿನ ಶಾಸಕರು ಸಿಗಬೇಕಾದರೆ ಶನಿವಾರ ಬೆಳಿಗ್ಗೆ ಕಸ ಹಾಕಲು ಹೋಗಬೇಕು. ತಮಾಷೆ ಅಲ್ಲ. ನಾನಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ನಾಶುವಾ ಪಕ್ಕದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಮನೆ ಬಾಗಿಲಿಗೆ ಕಸದ ಗಾಡಿ ಬರುವುದಿಲ್ಲ. ನಾವೇ ಕಾರಿಗೆ ತುಂಬಿಕೊಂಡು ಹೋಗಿ, ಗಾಜು ಒಂದು ಕಡೆ, ರಟ್ಟು ಇನ್ನೊಂದು ಕಡೆ ಹಾಕಿ ಬರಬೇಕು. ಊರಿನವರೆಲ್ಲ ವಾರಕ್ಕೊಮ್ಮೆ ಅಲ್ಲಿಗೆ ಬಂದೇ ಬರುತ್ತಾರೆ. ಹಾಗಾಗಿ ಓಟು ಕೇಳುವವರೂ ಅಲ್ಲೇ ನಿಂತಿರುತ್ತಾರೆ.

ಒಂದು ಶನಿವಾರ ನಾನು ದೊಡ್ಡದೊಂದು ರಟ್ಟಿನ ಪೆಟ್ಟಿಗೆಯ ಜೊತೆ ಗುದ್ದಾಡುತ್ತಿದ್ದೆ. ಉಣ್ಣೆ ಟೋಪಿ ಹಾಕಿಕೊಂಡಿದ್ದ ಯಜಮಾನರೊಬ್ಬರು ಬಂದು, ಬೂಟುಗಾಲಲ್ಲಿ ಅದನ್ನು ತುಳಿದು ಚಪ್ಪಟೆ ಮಾಡಿಕೊಟ್ಟರು. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದರು. ಅವರೇ ನಮ್ಮ ಶಾಸಕರು! ಚೀಟಿಯಲ್ಲಿ ಇದ್ದದ್ದು ಎರಡೇ ಮಾತು. ವ್ಯಾಪಾರದ ಮೇಲಿನ ತೆರಿಗೆ ಇಳಿಸಿದ್ದೇವೆ, ಇನ್ನೂ ಇಳಿಸುತ್ತೇವೆ. ಮಾಜಿ ಸೈನಿಕರ ಬೆನ್ನಿಗೆ ನಿಂತಿದ್ದೇವೆ, ಇನ್ನೂ ನಿಲ್ಲುತ್ತೇವೆ.

ಎರಡೂ ಒಳ್ಳೆಯ ಮಾತೇ. ಬೇಡ ಅನ್ನುವವರು ಯಾರು? ಆದರೆ ಎರಡನ್ನೂ ಒಂದೇ ಚೀಟಿಯಲ್ಲಿ ನೋಡಿದಾಗ ನನಗೆ ಸ್ವಲ್ಪ ಕಿರಿಕಿರಿ ಆಯಿತು. ಅದು ಯಾಕೆ ಅಂತ ಹೇಳುವುದಕ್ಕೆ ಮೊದಲು ಈ ಶಾಸಕರ ಸಂಬಳ ಹೇಳಿಬಿಡುತ್ತೇನೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಎಲ್ಲರೂ ಮತ್ತೆ ಮತ್ತೆ ಕೇಳಿ ನಗುವುದು ಇದನ್ನೇ.

ವರ್ಷಕ್ಕೆ ನೂರು ಡಾಲರ್. ಎರಡು ವರ್ಷದ ಅವಧಿಗೆ ಇನ್ನೂರು. 1889ರಲ್ಲಿ ರಾಜ್ಯದ ಸಂವಿಧಾನದಲ್ಲಿ ಹಾಗೆ ಬರೆದರು, ಇವತ್ತಿಗೂ ಅಷ್ಟೇ. ಜೊತೆಗೆ ರಾಜಧಾನಿ ಕಾಂಕರ್ಡ್‌ಗೆ ಹೋಗಿ ಬರುವ ಪೆಟ್ರೋಲ್ ಖರ್ಚು. ಕೆಳಮನೆಯಲ್ಲಿ 400 ಜನ ಇದ್ದಾರೆ. ರಾಜ್ಯದ ಜನಸಂಖ್ಯೆ ಹದಿನಾಲ್ಕು ಲಕ್ಷ. ಅಂದರೆ ಮೂರೂವರೆ ಸಾವಿರ ಜನಕ್ಕೆ ಒಬ್ಬ ಶಾಸಕ. ನಮ್ಮ ಕರ್ನಾಟಕದಲ್ಲಿ 2011ರ ಜನಗಣತಿಯ ಲೆಕ್ಕದಲ್ಲೇ ಆರು ಕೋಟಿ ಹನ್ನೊಂದು ಲಕ್ಷ ಜನಕ್ಕೆ 224 ಶಾಸಕರು. ಒಬ್ಬೊಬ್ಬರ ಪಾಲಿಗೆ ಎರಡೂ ಮುಕ್ಕಾಲು ಲಕ್ಷ ಜನ. 2025ರ ಮಾರ್ಚ್‌ನಲ್ಲಿ ನಮ್ಮ ಶಾಸಕರ ಮೂಲ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ನನಗೆ ಅದರ ಬಗ್ಗೆ ಜಾಸ್ತಿ ಸಿಟ್ಟೇನೂ ಇಲ್ಲ. ಯಾಕೆಂದರೆ ನೂರು ಡಾಲರ್ ಸಂಬಳದ ಇನ್ನೊಂದು ಮುಖವನ್ನೂ ಇಲ್ಲಿ ನೋಡಿದ್ದೇನೆ. ವಾರದಲ್ಲಿ ಎರಡು ಮೂರು ದಿನ ಕೆಲಸ ಬಿಟ್ಟು ಕಾಂಕರ್ಡ್‌ಗೆ ಹೋಗಿ ಕೂರಲು ಯಾರಿಗೆ ಸಾಧ್ಯ? ರಿಟೈರ್ ಆದವರಿಗೆ, ಕೈಯಲ್ಲಿ ದುಡ್ಡಿರುವವರಿಗೆ. ಸಣ್ಣ ಮಕ್ಕಳಿರುವ ನರ್ಸು, ಗ್ಯಾರೇಜ್ ಮೆಕ್ಯಾನಿಕ್ ಅಲ್ಲಿ ಅಪರೂಪ. ಸಂಬಳ ಕಡಿಮೆಯಾದರೆ ರಾಜಕೀಯ ಶುದ್ಧವಾಗುತ್ತದೆ ಅನ್ನುವವರು ಒಮ್ಮೆ ಇಲ್ಲಿಗೆ ಬಂದು ಆ ಬಿಳಿ ತಲೆಗಳನ್ನು ಎಣಿಸಬೇಕು.

ಸರಿ, ತೆರಿಗೆಗೆ ಬರೋಣ. ಈ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ. ಅಂಗಡಿಯಲ್ಲಿ ಕೊಂಡ ಸಾಮಾನಿಗೂ ಮಾರಾಟ ತೆರಿಗೆ ಇಲ್ಲ. ಬಡ್ಡಿ, ಡಿವಿಡೆಂಡ್ ಮೇಲೆ ಒಂದು ತೆರಿಗೆ ಇತ್ತು, 2025ರ ಜನವರಿಯಿಂದ ಅದೂ ಹೋಯಿತು. ಗಡಿಯಾಚೆ ಮ್ಯಾಸಚೂಸೆಟ್ಸ್‌ನಲ್ಲಿ ಮಾರಾಟ ತೆರಿಗೆ 6.25 ಶೇಕಡಾ. ನಾಶುವಾದ ಫೆಸೆಂಟ್ ಲೇನ್ ಮಾಲ್ ಸರಿಯಾಗಿ ಗಡಿಯ ಮೇಲೆ ಕೂತಿದೆ. ಪಾರ್ಕಿಂಗ್‌ನ ಒಂದಷ್ಟು ಭಾಗ ಮ್ಯಾಸಚೂಸೆಟ್ಸ್‌ನಲ್ಲಿ, ಅಂಗಡಿಗಳೆಲ್ಲ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಕಟ್ಟಡದ ಒಂದು ಮೂಲೆ ಗಡಿ ದಾಟುತ್ತದೆ ಅಂತ ಆ ಮೂಲೆಯನ್ನೇ ಓರೆಯಾಗಿ ಕತ್ತರಿಸಿ ಕಟ್ಟಿದ್ದಾರೆ. ಆಚೆ ರಾಜ್ಯದಲ್ಲಿ ಗಾಡಿ ನಿಲ್ಲಿಸಿ, ಈಚೆ ರಾಜ್ಯದಲ್ಲಿ ಟಿವಿ ಕೊಂಡು, ಮತ್ತೆ ಆಚೆಗೆ ಹೋಗುವವರನ್ನು ನೋಡುವಾಗ ನನಗೆ ಪೆಟ್ರೋಲ್ ರೇಟು ನೋಡಿಕೊಂಡು ಟ್ಯಾಂಕ್ ತುಂಬಿಸುವ ನಮ್ಮ ಗಡಿ ಜಿಲ್ಲೆಗಳ ಜನ ನೆನಪಾಗುತ್ತಾರೆ.

ಹಾಗಾದರೆ ರಾಜ್ಯ ನಡೆಯುವುದು ಹೇಗೆ? ಒಂದು, ವ್ಯಾಪಾರದ ಮೇಲಿನ ಎರಡು ತೆರಿಗೆ. ಕಂಪನಿಯ ಲಾಭದ ಮೇಲೆ 1970ರಿಂದ ಒಂದಿದೆ. 1993ರಲ್ಲಿ ಇನ್ನೊಂದು ಸೇರಿತು. ಲಾಭ ಬರಲಿ ಬಿಡಲಿ, ಕೊಟ್ಟ ಸಂಬಳ, ಬಡ್ಡಿ, ಡಿವಿಡೆಂಡ್ ಮೊತ್ತದ ಮೇಲೆ ಅದು ಬೀಳುತ್ತದೆ. ಲಾಭದ ತೆರಿಗೆ 8.5 ಶೇಕಡಾ ಇತ್ತು. 2016ರಿಂದ ಹಂತ ಹಂತವಾಗಿ ಇಳಿದು ಈಗ 7.5. ಎರಡನೆಯದು 0.75ರಿಂದ 0.55ಕ್ಕೆ ಬಂತು. ಕಸದ ಯಾರ್ಡಿನ ನಮ್ಮ ಶಾಸಕರು ಎದೆ ತಟ್ಟಿಕೊಳ್ಳುವುದು ಇದಕ್ಕೇ.

ದಾವಣಗೆರೆ ಕಡೆಯ ನನ್ನ ಗೆಳೆಯನೊಬ್ಬ ಇಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ. ರಾಗಿ ಹಿಟ್ಟು, ಎಂಟಿಆರ್ ಪುಡಿ, ಶುಕ್ರವಾರ ಸಂಜೆ ಬಿಸಿ ಮಿರ್ಚಿ. ಅವನನ್ನೇ ಕೇಳಿದೆ, ಈ ಇಳಿಕೆಯಿಂದ ನಿನಗೆ ಏನು ಸಿಕ್ಕಿತು ಅಂತ. ಅವನು ಬಿಲ್ಲಿನ ಹಿಂದೆ ಲೆಕ್ಕ ಹಾಕಿ ತೋರಿಸಿದ. ಎರಡನೇ ತೆರಿಗೆಯಲ್ಲಿ ಒಂದು ಲಕ್ಷ ಡಾಲರ್ ಸಂಬಳ ಕೊಟ್ಟವನಿಗೆ ಉಳಿಯುವುದು ಇನ್ನೂರು ಡಾಲರ್. "ದೀಪಾವಳಿ ಪಟಾಕಿಗೂ ಸಾಲಲ್ಲ ಮಾರಾಯ" ಅಂದ. ನಿಜವಾದ ಲಾಭ ಆಗಿರುವುದು ನೂರಾರು ಜನಕ್ಕೆ ಸಂಬಳ ಕೊಡುವ ದೊಡ್ಡ ಕಂಪನಿಗಳಿಗೆ. ಅವು ಬಂದರೆ ಕೆಲಸವೂ ಬರುತ್ತದೆ ಅನ್ನುವುದು ಶಾಸಕರ ವಾದ. ಇರಬಹುದು. ನಾನೂ ಅಂಥದೇ ಒಂದು ಕಂಪನಿಯ ಸಂಬಳ ತಿನ್ನುವವನು, ತೀರಾ ಹಗುರವಾಗಿ ತಳ್ಳಿಹಾಕಲಾರೆ.

ಇನ್ನೊಂದು ಆಧಾರ ಮನೆಕಂದಾಯ. ಅಸಲು ಕತೆ ಇರುವುದು ಇಲ್ಲಿ. ವರ್ಷಕ್ಕೆರಡು ಸಲ ಊರಿನ ಕಚೇರಿಯಿಂದ ಬಿಲ್ಲು ಬರುತ್ತದೆ. ನನ್ನ ಮನೆಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತದೆ. ಬಿಲ್ಲಿನಲ್ಲಿ ಊರಿಗೆ ಎಷ್ಟು, ಶಾಲೆಗೆ ಎಷ್ಟು, ಕೌಂಟಿಗೆ ಎಷ್ಟು ಅಂತ ಸಾಲು ಸಾಲಾಗಿ ಬರೆದಿರುತ್ತದೆ. ಊರಿನ ಪೊಲೀಸರ, ಮೇಷ್ಟ್ರುಗಳ ಪಿಂಚಣಿಗೆ ಊರು ಕಟ್ಟಬೇಕಾದ ಹಣದಲ್ಲಿ ಒಂದು ಕಾಲದಲ್ಲಿ ರಾಜ್ಯ 35 ಶೇಕಡಾ ಕೊಡುತ್ತಿತ್ತು. 2008ರ ಆರ್ಥಿಕ ಕುಸಿತದ ನಂತರ ಅದನ್ನು ಕಡಿಮೆ ಮಾಡುತ್ತಾ ಬಂದು ಕೊನೆಗೆ ನಿಲ್ಲಿಸಿಯೇಬಿಟ್ಟಿತು. ಪಿಂಚಣಿ ನಿಂತಿತೇ? ಇಲ್ಲ. ನನ್ನ ಬಿಲ್ಲಿಗೆ ಸೇರಿಕೊಂಡಿತು. ಕಾಂಕರ್ಡ್‌ನಲ್ಲಿ ತೆರಿಗೆ ಇಳಿದಾಗ ಊರಲ್ಲಿ ಏರುತ್ತದೆ.

ಈಗ ಮಾಜಿ ಸೈನಿಕರ ವಿಷಯ. ಅವರಿಗೆ ಇಲ್ಲಿ ಮನೆಕಂದಾಯದಲ್ಲಿ ರಿಯಾಯಿತಿ ಇದೆ. ಕನಿಷ್ಠ 50 ಡಾಲರ್. ಊರು ಮನಸ್ಸು ಮಾಡಿದರೆ 750ರವರೆಗೆ ಕೊಡಬಹುದು. ಹಿಂದೆ ಯುದ್ಧ ಕಾಲದಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಇತ್ತು. 2016ರ ಕಾನೂನಿನ ನಂತರ, ಊರು ಒಪ್ಪಿದರೆ, ಉಳಿದ ಸೈನಿಕರಿಗೂ ಸಿಗುತ್ತದೆ. ಕಾನೂನು ಮಾಡಿದ್ದು ಕಾಂಕರ್ಡ್. ದುಡ್ಡು ಕೊಡುವುದು ಊರು. ರಾಜ್ಯ ಒಂದು ಪೈಸೆಯನ್ನೂ ತುಂಬಿಕೊಡುವುದಿಲ್ಲ. ಒಬ್ಬ ಸೈನಿಕನಿಗೆ ಬಿಟ್ಟ ಹಣವನ್ನು ಪಕ್ಕದ ಮನೆಯವರೆಲ್ಲ ಸೇರಿ ಕಟ್ಟುತ್ತಾರೆ. ಯಾರದೋ ಹಿಟ್ಟಲ್ಲಿ ರೊಟ್ಟಿ ತಟ್ಟಿ, ಬಡಿಸಿದ್ದು ನಾನು ಅಂದ ಹಾಗೆ ಅಲ್ವಾ? ಆ ಚೀಟಿ ನೋಡಿ ನನಗೆ ಕಿರಿಕಿರಿ ಆದದ್ದು ಇದಕ್ಕೆ.

ನಾನು ಮಾತ್ರ ಅಲ್ಲ. ಅಲ್ಲೇ ಗಾಜಿನ ಬಾಟಲಿ ಎಸೆಯುತ್ತಿದ್ದ, ವಿಯೆಟ್ನಾಂ ಯುದ್ಧದ ಟೋಪಿ ಹಾಕಿದ್ದ ಇನ್ನೊಬ್ಬ ಯಜಮಾನರು ಶಾಸಕರನ್ನು ತರಾಟೆಗೆ ತೆಗೆದುಕೊಂಡರು. "ನನಗೆ ಹೃದಯದ ಆಪರೇಷನ್ ಆದದ್ದು ಬಾಸ್ಟನ್‌ನಲ್ಲಿ. ಅದಕ್ಕೇನು ಮಾಡಿದ್ದೀಯ?" ಅಂದರು. ಅವರು ಕೇಳಿದ್ದರಲ್ಲಿ ಅರ್ಥವಿದೆ. ಅಲಾಸ್ಕಾ, ಹವಾಯಿ ಬಿಟ್ಟರೆ, ಮಾಜಿ ಸೈನಿಕರಿಗೆ ಎಲ್ಲಾ ಚಿಕಿತ್ಸೆಯೂ ಸಿಗುವ ದೊಡ್ಡ ಕೇಂದ್ರ ಸರ್ಕಾರಿ ಆಸ್ಪತ್ರೆ ಇಲ್ಲದ ರಾಜ್ಯ ಇದೊಂದೇ. ಮ್ಯಾಂಚೆಸ್ಟರ್‌ನಲ್ಲಿ ಒಂದು ಇದೆ, ಆದರೆ ದೊಡ್ಡ ಕಾಯಿಲೆಗೆ ಬಾಸ್ಟನ್ನಿಗೋ ಪಕ್ಕದ ವರ್ಮಾಂಟಿಗೋ ಓಡಬೇಕು. ಶಾಸಕರು "ಅದು ವಾಷಿಂಗ್ಟನ್ ಕೈಯಲ್ಲಿದೆ" ಅಂದರು. ಅದೂ ನಿಜವೇ. ರಾಜ್ಯದ್ದು ಅಂತ ಇರುವುದು ಟಿಲ್ಟನ್‌ನಲ್ಲಿರುವ ಮಾಜಿ ಸೈನಿಕರ ಆಶ್ರಯಧಾಮ. 1890ರಲ್ಲಿ ಅಂತರ್ಯುದ್ಧದ ಸೈನಿಕರಿಗಾಗಿ ಶುರುವಾದದ್ದು ಇನ್ನೂ ನಡೆಯುತ್ತಿದೆ. ಈ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲಿರುವ "ಸ್ವತಂತ್ರವಾಗಿ ಬಾಳು ಇಲ್ಲವೇ ಸಾಯಿ" ಅನ್ನುವ ಮಾತು ಕೂಡ ಒಬ್ಬ ಮಾಜಿ ಸೈನಿಕರದ್ದೇ. ಜನರಲ್ ಜಾನ್ ಸ್ಟಾರ್ಕ್ 1809ರಲ್ಲಿ, ಹುಷಾರಿಲ್ಲದೆ ಹಳೇ ಜೊತೆಗಾರರ ಕೂಟಕ್ಕೆ ಬರಲಾಗದೆ, ಬರೆದು ಕಳಿಸಿದ್ದು.

ಹುಷಾರಿಲ್ಲದ ಹಳೇ ಸೈನಿಕ ಅಂದಕೂಡಲೇ ನನಗೆ ಶನಿವಾರಸಂತೆಯ ಮಾವ ನೆನಪಾಗುತ್ತಾರೆ. ಅಮ್ಮನ ಅಣ್ಣ. ಹವಾಲ್ದಾರ್ ಆಗಿ ರಿಟೈರ್ ಆದವರು. ಕೊಡಗಿನಲ್ಲಿ ಫೌಜಿಗೆ ಇರುವ ಮರ್ಯಾದೆ ಎಲ್ಲರಿಗೂ ಗೊತ್ತು. ಕಾರ್ಯಪ್ಪ, ತಿಮ್ಮಯ್ಯ ಹೆಸರಿಲ್ಲದೆ ಅಲ್ಲಿ ಭಾಷಣ ಶುರುವಾಗುವುದಿಲ್ಲ. ತಿಮ್ಮಯ್ಯನವರ ಮಡಿಕೇರಿಯ ಸನ್ನಿಸೈಡ್ ಮನೆ 2021ರಲ್ಲಿ ಮ್ಯೂಸಿಯಂ ಆಯಿತು, ಚೆನ್ನಾಗಿದೆ, ಹೋಗಿ ನೋಡಿ. ಮಾವನಿಗೆ ಪಿಂಚಣಿ ಸರಿಯಾಗಿ ಬರುತ್ತದೆ. ಕ್ಯಾಂಟೀನ್ ಕಾರ್ಡ್ ಇದೆ. 2003ರಲ್ಲಿ ಶುರುವಾದ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್ಎಸ್‌ನಿಂದ ಔಷಧಿ ಸಿಗುತ್ತದೆ. ಇದೆಲ್ಲ ದಿಲ್ಲಿಯ ಕೊಡುಗೆ. ರಾಜ್ಯದ ಕಡೆಯಿಂದ ಬರಬೇಕಾದ್ದು ಜಮೀನು. 1969ರ ಭೂ ಮಂಜೂರಾತಿ ನಿಯಮದಲ್ಲೇ ಮಾಜಿ ಸೈನಿಕರಿಗೆ ಪಾಲು ಅಂತ ಬರೆದಿದೆ. ಮಾವ ಅರ್ಜಿ ಹಾಕಿದಾಗ ನಾನು ಪಿಯುಸಿ ಓದುತ್ತಿದ್ದೆ. ಈಗ ನನ್ನ ಮಗಳು ಪಿಯುಸಿ ವಯಸ್ಸಿಗೆ ಬಂದಿದ್ದಾಳೆ. ಫೈಲು ಒಂದು ಕಚೇರಿಯಿಂದ ಇನ್ನೊಂದಕ್ಕೆ ಕವಾಯತು ಮಾಡುತ್ತಲೇ ಇದೆ. ಗುರುತಿಸಿದ ಜಾಗ ಒಮ್ಮೆ ಅರಣ್ಯದ್ದು ಅಂತಾಯಿತು, ಇನ್ನೊಮ್ಮೆ ಗೋಮಾಳ ಅಂತಾಯಿತು. ಪ್ರತಿ ಚುನಾವಣೆಯಲ್ಲೂ ಯಾರೋ ಒಬ್ಬರು ಬಂದು ಮಾವನ ಭುಜಕ್ಕೆ ಶಾಲು ಹೊದಿಸಿ ಹೋಗುತ್ತಾರೆ. "ಶಾಲಿಗೆ ಬೀರುವಿನಲ್ಲಿ ಜಾಗ ಸಾಲ್ತಿಲ್ಲ ಕಣೋ, ಇನ್ನು ಅದನ್ನಿಡೋಕೆ ಜಮೀನು ಬೇಕು" ಅನ್ನುತ್ತಾರೆ ಮಾವ.

ಮಾವನ ಜಮೀನಿಗೆ ಯಾವ ಶಾಸಕನೂ ಬೇಡ ಅಂದಿಲ್ಲ. ಅದಕ್ಕೆ ಎಷ್ಟು ಎಕರೆ ಬೇಕು, ಎಲ್ಲಿಂದ ತರುವುದು ಅಂತ ಯಾರೂ ಎದುರು ನಿಂತು ಕೇಳಿಲ್ಲ, ಅಷ್ಟೇ. ವ್ಯಾಪಾರದ ತೆರಿಗೆಯದೂ ಅದೇ ಪಾಡು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ದರ ನಿಗದಿ ಮಾಡುವುದು ದಿಲ್ಲಿಯಲ್ಲಿ ಕೂರುವ ಕೌನ್ಸಿಲ್. ನಮ್ಮ ಶಾಸಕರ ಕೈಯಲ್ಲಿ ಉಳಿದದ್ದರಲ್ಲಿ ವೃತ್ತಿ ತೆರಿಗೆ ಒಂದು, ಅದಕ್ಕೂ ಸಂವಿಧಾನದ ಮಿತಿ ವರ್ಷಕ್ಕೆ 2,500 ರೂಪಾಯಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಹೋದದ್ದು ನೆನಪಿದೆಯಲ್ಲ. ಬೆಂಗಳೂರಿನಲ್ಲಿ ಬೇಕರಿ ಇಟ್ಟಿರುವ ನನ್ನ ಚಿಕ್ಕಪ್ಪನ ಮಗನಿಗೆ ನೋಟಿಸ್ ಬಂದಿರಲಿಲ್ಲ, ಭಯ ಬಂದಿತ್ತು. ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟು, "ಕ್ಯಾಶ್ ಮಾತ್ರ" ಅಂತ ರಟ್ಟಿನ ಮೇಲೆ ಬರೆದು ನೇತುಹಾಕಿದ್ದ. ಬ್ರೆಡ್ಡಿಗೆ ತೆರಿಗೆ ಇಲ್ಲ, ಕೇಕಿಗೆ ಇದೆ, ಎರಡನ್ನೂ ಒಂದೇ ಕೌಂಟರಿನಲ್ಲಿ ಮಾರುವವನು ಏನು ಲೆಕ್ಕ ಇಡಬೇಕು ಅಂತ ಅವನಿಗೆ ಹೇಳಿಕೊಟ್ಟವರಿಲ್ಲ. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಕರುಣೆಯೇ. ಆದರೆ ಆ ವಾರ ನಿಮ್ಮ ಕ್ಷೇತ್ರದ ಶಾಸಕರು ಏನು ಹೇಳಿದರು, ನೆನಪಿದೆಯಾ?

ಇಲ್ಲಿ ಹಾಗೆ ನುಣುಚಿಕೊಳ್ಳಲು ಆಗುವುದಿಲ್ಲ. ಮಾರ್ಚ್ ತಿಂಗಳ ಎರಡನೇ ಮಂಗಳವಾರದ ಸುಮಾರಿಗೆ ಊರಿನ ಸಭೆ ಇರುತ್ತದೆ. ಶಾಲೆಯ ಜಿಮ್‌ನಲ್ಲಿ ಮಡಚುವ ಕುರ್ಚಿ, ಹಿಂದೆ ಸ್ಕೌಟ್ ಮಕ್ಕಳು ಮಾರುವ ಕಾಫಿ. ಕಳೆದ ಸಲ ಸೈನಿಕರ ರಿಯಾಯಿತಿಯನ್ನು 500ರಿಂದ 750ಕ್ಕೆ ಏರಿಸುವ ಪ್ರಸ್ತಾಪ ಬಂತು. ಕೈಗೂಸು ಎತ್ತಿಕೊಂಡಿದ್ದ ಹೆಂಗಸೊಬ್ಬರು ಮೈಕಿನ ಮುಂದೆ ಬಂದು ಒಂದೇ ಪ್ರಶ್ನೆ ಕೇಳಿದರು. ಇದರಿಂದ ನನ್ನ ಮನೆಗೆ ಎಷ್ಟು ಜಾಸ್ತಿ ಆಗುತ್ತದೆ? ಊರಿನ ಲೆಕ್ಕದವರು ಅಲ್ಲೇ ಕ್ಯಾಲ್ಕುಲೇಟರ್ ಒತ್ತಿ, ವರ್ಷಕ್ಕೆ ಇಪ್ಪತ್ತು ಡಾಲರ್ ಚಿಲ್ಲರೆ ಅಂದರು. ಆಕೆ ತಲೆಯಾಡಿಸಿ ಕೂತರು. ಅಷ್ಟರಲ್ಲಿ ಅದೇ ವಿಯೆಟ್ನಾಂ ಟೋಪಿಯ ಯಜಮಾನರು ಎದ್ದರು. ಬೇಡ ಅನ್ನಲಿಲ್ಲ. "ಮನೆ ಇದ್ದವನಿಗೆ ಕಂದಾಯದಲ್ಲಿ ಬಿಡುತ್ತೀರಿ. ಬಾಡಿಗೆ ಮನೆಯಲ್ಲಿರುವ ಸೈನಿಕನಿಗೆ ಏನು?" ಅಂದರು. ಜಿಮ್‌ನಲ್ಲಿ ಯಾರೂ ಮಾತಾಡಲಿಲ್ಲ. ಕಾನೂನಿನಲ್ಲಿ ಅದಕ್ಕೆ ದಾರಿ ಇಲ್ಲ ಅಂತ ಅಧ್ಯಕ್ಷರು ಹೇಳಿದರು. ಎಲ್ಲರ ಕಣ್ಣೂ ಮೂರನೇ ಸಾಲಿನಲ್ಲಿ ಕೂತಿದ್ದ ನೂರು ಡಾಲರ್ ಶಾಸಕರ ಕಡೆ ಹೋಯಿತು. ಅವರು ಜೇಬಿನಿಂದ ಪೆನ್ನು ತೆಗೆದು, ಸಭೆಯ ಪುಸ್ತಕದ ಅಂಚಿನಲ್ಲಿ ಏನೋ ಬರೆದುಕೊಂಡರು.

ಆಮೇಲೆ ಓಟು. ಹಳದಿ ಕಾರ್ಡುಗಳು ಮೇಲೆದ್ದವು, ಪ್ರಸ್ತಾಪ ಪಾಸಾಯಿತು. ನಾನೂ ಕಾರ್ಡ್ ಎತ್ತಿದೆ.

ಆ ರಾತ್ರಿಯೇ ಮಾವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಲ್ಲಿ ಬೆಳಗಾಗಿತ್ತು, ಹಿಂದೆ ಕುಕ್ಕರ್ ಕೂಗುತ್ತಿತ್ತು. ಮಾವ ಪೂರ್ತಿ ಕೇಳಿಸಿಕೊಂಡರು. "ಇಪ್ಪತ್ತು ಡಾಲರ್ ಅಂದ್ರೆ ಎಷ್ಟಾಯ್ತೋ ನಮ್ ದುಡ್ಡಲ್ಲಿ?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ ಫೈಲಿನ ಜೆರಾಕ್ಸಿಗೇ ಅದಕ್ಕಿಂತ ಜಾಸ್ತಿ ಹೋಗಿದೆ" ಅಂದರು.