ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ

ಕೈಯಲ್ಲಿ ದುಡ್ಡಿಲ್ಲ, ಆದರೂ ಸಿನಿಮಾ ಮಾಡಲೇಬೇಕು ಅಂತ ಹೊರಟವರಿಗೆ ಮೊದಲು ಹೊಳೆಯುವುದು ರೋಡ್ ಮೂವಿ. ಒಂದು ಕಾರು, ಇಬ್ಬರು ನಟರು, ಒಂದು ಕ್ಯಾಮೆರಾ. ಸೆಟ್ ಹಾಕೋದು ಬೇಡ, ಮನೆ ಬಾಡಿಗೆಗೆ ಹುಡುಕೋದು ಬೇಡ. ಅದರೊಳಗೆ ಒಂದು ಮಿಸ್ಟರಿ ಇಟ್ಟರೆ ಜನ ಕೂತು ನೋಡುತ್ತಾರೆ. ಎರಡು ವರ್ಷದ ಹಿಂದೆ ನಾನೂ ಹೀಗೇ ಲೆಕ್ಕ ಹಾಕಿದ್ದೆ. ಈಗ ನಮ್ಮ ಸಿನಿಮಾ ಎಡಿಟಿಂಗ್‌ನಲ್ಲಿದೆ. ಇದೇ ದಾರಿ ಹಿಡಿಯುವ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ಓಡುವ ಕಾರಿನಷ್ಟು ದುಬಾರಿ ಲೊಕೇಶನ್ ಸಣ್ಣ ಸಿನಿಮಾಕ್ಕೆ ಬೇರೆ ಇಲ್ಲ. ಕಥೆಯನ್ನು ಕಾರು ನಿಲ್ಲುವ ಜಾಗಗಳಲ್ಲಿ ಬರೆಯಿರಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಮೊದಲ ದಿನದ ಸೀನ್, ಇಬ್ಬರು ಕಾರಿನಲ್ಲಿ ಹೋಗುತ್ತಾ ಮಾತಾಡುವುದು. ಎರಡೇ ಪುಟ. ಕಾರು ಮೂರು ಕಿಲೋಮೀಟರ್ ಹೋಗಬೇಕು, ತಿರುಗಿಸಿಕೊಂಡು ಬರಬೇಕು, ಮತ್ತೆ ಹೊರಡಬೇಕು. ಒಂದು ಸಲ ಡೈಲಾಗ್ ತಪ್ಪುತ್ತದೆ. ಇನ್ನೊಂದು ಸಲ ಮಾತು ಚೆನ್ನಾಗಿ ಬಂತು ಅನ್ನುವಾಗಲೇ ಹಿಂದಿನ ಲಾರಿ ಹಾರ್ನ್ ಹೊಡೆಯುತ್ತದೆ. ಸೌಂಡ್ ಹುಡುಗ ಹಿಂದಿನ ಸೀಟಿನ ಕೆಳಗೆ ಮುದುಡಿ ಮಲಗಿ ರೆಕಾರ್ಡರ್ ಹಿಡಿದಿದ್ದಾನೆ. ಎಲ್ಲಾ ಸರಿಹೋಯಿತು ಅನ್ನುವಷ್ಟರಲ್ಲಿ ಬಿಸಿಲು ಎಡಗೆನ್ನೆಯಿಂದ ಬಲಗೆನ್ನೆಗೆ ಬಂದಿರುತ್ತದೆ. ಬೆಳಗ್ಗೆ ತೆಗೆದ ಶಾಟ್‌ಗೂ ಮಧ್ಯಾಹ್ನದ್ದಕ್ಕೂ ಹೊಂದುವುದೇ ಇಲ್ಲ. ಸಂಜೆಯವರೆಗೆ ಆಗಿದ್ದು ಒಂದೂವರೆ ಸೀನ್. ಹನ್ನೊಂದು ಜನರ ಊಟ, ಲಾಡ್ಜು, ಕ್ಯಾಮೆರಾ ಬಾಡಿಗೆ ಮಾತ್ರ ಪೂರ್ತಿ ದಿನದ್ದು. ಹದಿನಾಲ್ಕು ದಿನದ ಶೆಡ್ಯೂಲ್‌ನಲ್ಲಿ ಮೂರು ದಿನ ಹೀಗೇ ಹೋಯಿತು.

ಮೂರನೇ ರಾತ್ರಿ ಗುಂಡ್ಲುಪೇಟೆಯಲ್ಲಿ ಊಟ ಮುಗಿಸಿ ಸುಮ್ನೆ ಮದ್ದೂರು ಚೆಕ್‌ಪೋಸ್ಟ್ ಕಡೆ ಹೋದೆವು. ಗೊತ್ತಿಲ್ಲದವರಿಗೆ ಹೇಳಬೇಕು. ಇದು ಸುಲ್ತಾನ್ ಬತ್ತೇರಿ ಕಡೆಗೆ, ಅಂದರೆ ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766. ಬಂಡೀಪುರದ ಕಾಡಿನೊಳಗೆ ಹಾದುಹೋಗುತ್ತದೆ. ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು ಅಂತ 2009ರಿಂದ ಇಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ಬಂದ್. ಆಂಬುಲೆನ್ಸಿಗೆ, ಲೆಕ್ಕದ ಕೆಲವು ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಈ ನಿಷೇಧ ಇರಲೇಬೇಕು ಅನ್ನುವವನು ನಾನು. ರಾತ್ರಿಯಾದರೂ ಕಾಡು ಕಾಡಾಗಿರಲಿ.

ಅಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಕತ್ತಲು. ಒಬ್ಬ ಡ್ರೈವರ್ ಅಣ್ಣ ಲಾರಿಯ ಬದಿಗೆ ಚಾಪೆ ಹಾಸಿಕೊಂಡು ಕೂತಿದ್ದರು. ಮಾತಿಗೆಳೆದೆ. ‘ಒಂಬತ್ತಾಯ್ತು ಅಂದ್ರ ಮುಗೀತು ಸಾ. ಇನ್ನು ಬೆಳಗ್ಗೆ ಆರರ ಗಂಟ ಇಲ್ಲೇ’ ಅಂದರು.

ಆ ರಾತ್ರಿಯೇ ಸ್ಕ್ರಿಪ್ಟ್ ಬಿಚ್ಚಿ ಮತ್ತೆ ಬರೆಯಲು ಕೂತೆ. ನಮ್ಮ ಕಥೆ ಇಷ್ಟೇ. ಅಣ್ಣ ಕಾಣೆಯಾಗಿದ್ದಾನೆ. ಅವನ ಕಾರು ಗ್ಯಾರೇಜಿನಲ್ಲಿದೆ ಅಂತ ಮನೆಯವರೆಲ್ಲ ನಂಬಿದ್ದಾರೆ. ಒಂದು ದಿನ ತಂಗಿಯ ಫೋನಿಗೆ ಫಾಸ್ಟ್ಯಾಗ್ ಮೆಸೇಜ್ ಬರುತ್ತದೆ, ಕಡಕೊಳ ಟೋಲ್‌ನಲ್ಲಿ ದುಡ್ಡು ಕಟ್ ಆಗಿದೆ. ಅವಳು ಹೊರಡುತ್ತಾಳೆ. ಮೊದಲಿನ ಸ್ಕ್ರಿಪ್ಟ್‌ನಲ್ಲಿ ಅವಳು ಊಟಿವರೆಗೂ ಬೆನ್ನಟ್ಟುತ್ತಿದ್ದಳು. ಹೊಸದರಲ್ಲಿ ಗೇಟಿನ ಹತ್ತಿರ ಬರುವಾಗ ಒಂಬತ್ತು ದಾಟಿ ಐದು ನಿಮಿಷ. ಅಣ್ಣನ ಕಾರು ಅಲ್ಲೇ, ಸಾಲಿನಲ್ಲಿ ಖಾಲಿ ನಿಂತಿದೆ. ಅವನು ಕಾಡು ದಾಟಿದನೋ, ಬಸ್ಸು ಹತ್ತಿದನೋ, ಇಲ್ಲೇ ಯಾವುದೋ ಲಾರಿಯಲ್ಲಿ ಮಲಗಿದ್ದಾನೋ? ಬೆಳಗಾಗಲು ಒಂಬತ್ತು ಗಂಟೆ ಇದೆ. ಯಾರೂ ಎಲ್ಲಿಗೂ ಹೋಗುವಂತಿಲ್ಲ. ಒಳಗೆ ಹೋದರೆ ಫೋನಿಗೆ ನೆಟ್‌ವರ್ಕ್ ಇಲ್ಲ. ಮಿಸ್ಟರಿಗೆ ಇನ್ನೇನು ಬೇಕು ಹೇಳಿ?

ನಿಜವಾದ ಗೇಟಿನ ಹತ್ತಿರ ಶೂಟ್ ಮಾಡಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ, ಶುಲ್ಕ ಎಲ್ಲಾ ಬೇಕು. ರಾತ್ರಿ ನಮ್ಮ ಲೈಟು, ಜನರೇಟರ್ ಕಾಡಿನ ಅಂಚಿಗೆ ತರುವುದು ನನಗೂ ಸರಿ ಕಾಣಲಿಲ್ಲ. ನಂಜನಗೂಡಿನ ಹತ್ತಿರ ಗೆಳೆಯನ ತೋಟದ ಮಣ್ಣುದಾರಿಗೆ ಅಡ್ಡಲಾಗಿ ಬಿದಿರು ಕಟ್ಟಿದೆವು. ಪರಿಚಯದ ಎರಡು ಲಾರಿ ನಿಲ್ಲಿಸಿದೆವು, ಅವುಗಳ ಹೆಡ್‌ಲೈಟನ್ನೇ ಬೆಳಕಾಗಿ ಬಳಸಿದೆವು. ಆರು ರಾತ್ರಿಗಳಲ್ಲಿ ಸಿನಿಮಾದ ಅರ್ಧಕ್ಕಿಂತ ಜಾಸ್ತಿ ಮುಗಿಯಿತು. ಕಾರು ಓಡುವ ಒಳಾಂಗಣ ಶಾಟ್‌ಗಳನ್ನೂ ಅಲ್ಲೇ ತೆಗೆದೆವು. ನಿಂತ ಕಾರಿನ ಬಂಪರ್ ಕೆಳಗೆ ಹಲಗೆ ಕೊಟ್ಟು ಇಬ್ಬರು ಮೆಲ್ಲಗೆ ಅಲ್ಲಾಡಿಸಬೇಕು, ಒಬ್ಬ ಟಾರ್ಚ್ ಹಿಡಿದು ಎದುರಿನಿಂದ ಪಕ್ಕಕ್ಕೆ ಓಡಬೇಕು. ಹಳೇ ಉಪಾಯ. ರಾತ್ರಿ ಸೀನ್‌ಗೆ ಅದು ಸಾಕು. ನಟಿಗೆ ರಸ್ತೆಯ ಚಿಂತೆ ಇಲ್ಲದೆ ಅಭಿನಯದ ಮೇಲೆ ಗಮನ ಇಡಲು ಆಯಿತು, ಅದು ಪರದೆ ಮೇಲೆ ಕಾಣುತ್ತದೆ.

ಸ್ಟೀವನ್ ಸ್ಪಿಲ್‌ಬರ್ಗ್ 1971ರಲ್ಲಿ ಟೀವಿಗಾಗಿ ಮಾಡಿದ ‘ಡ್ಯುಯೆಲ್’ ನೋಡಿದ್ದೀರಾ? ಒಂದು ಟ್ಯಾಂಕರ್ ಲಾರಿ, ಒಂದು ಕಾರು, ಮರುಭೂಮಿಯ ರಸ್ತೆ. ಎರಡು ವಾರದೊಳಗೆ ಮುಗಿದ ಶೂಟಿಂಗ್. ಅದೂ ಪೂರ್ತಿ ಓಡುವ ವಾಹನಗಳದ್ದೇ ಸಿನಿಮಾ, ನಿಜ. ಆದರೆ ಅವರ ಹಿಂದೆ ಸ್ಟುಡಿಯೋ ಇತ್ತು, ಸ್ಟಂಟ್ ಡ್ರೈವರ್‌ಗಳಿದ್ದರು. ನಾನು ಅದರಿಂದ ತೆಗೆದುಕೊಂಡಿದ್ದು ಬೇರೆ. ಲಾರಿ ಡ್ರೈವರ್‌ನ ಮುಖವನ್ನು ಕೊನೆಯವರೆಗೂ ತೋರಿಸುವುದಿಲ್ಲ. ಕೈ ಕಾಣುತ್ತದೆ, ಬೂಟು ಕಾಣುತ್ತದೆ, ಅಷ್ಟೇ. ಅವನು ಯಾರು ಅನ್ನೋ ಭಯ ಅಲ್ಲೇ ಇದೆ. ನಾವೂ ಅಣ್ಣನ ಮುಖ ತೋರಿಸುವುದಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಅವನು ಬಿಟ್ಟುಹೋದ ಅರ್ಧ ತಿಂದ ಕಡಲೆಕಾಯಿ ಪೊಟ್ಟಣ ತೋರಿಸುತ್ತೇವೆ. ಅದು ಐದು ರೂಪಾಯಿಯದು.

ಒಂದು ನಷ್ಟವನ್ನು ಹೇಳದೇ ಇರಲಾರೆ. ಶುರುವಿನಲ್ಲಿ ತಂಗಿ ಗುಂಡ್ಲುಪೇಟೆ ಹತ್ತಿರ ಕಾರು ನಿಲ್ಲಿಸಿ ಒಬ್ಬ ರೈತರನ್ನು ವಿಚಾರಿಸುವ ಸೀನ್ ಇದೆ. ಹಿಂದೆ ಎಕರೆಗಟ್ಟಲೆ ಚೆಂಡುಹೂವು. ಮಳೆಗಾಲದಲ್ಲಿ ಆ ಕಡೆ ಹೋದವರಿಗೆ ಗೊತ್ತು, ಕಣ್ಣು ತುಂಬುವ ಹಳದಿ. ಎರಡು ಶಾಟ್ ಉಳಿಸಿ ಬಂದೆವು, ಇನ್ನೊಂದು ದಿನ ತೆಗೆಯೋಣ ಅಂತ. ಮೂರು ವಾರ ಬಿಟ್ಟು ಹೋದರೆ ಹೂವೆಲ್ಲ ಕೊಯ್ದಾಗಿತ್ತು, ಬರೀ ಕಪ್ಪು ಮಣ್ಣು. ಬೇರೆ ಕಥೆಯಾಗಿದ್ದರೆ ಹೇಗೋ ತಳ್ಳಬಹುದಿತ್ತು. ಮಿಸ್ಟರಿಯಲ್ಲಿ ನೋಡುವವರು ಪ್ರತಿ ಚೌಕಟ್ಟಿನಲ್ಲೂ ಸುಳಿವು ಹುಡುಕುತ್ತಿರುತ್ತಾರೆ, ಅಲ್ವಾ? ಹಿಂದೆ ಹೂವು ಮಾಯವಾದರೆ ಅದಕ್ಕೂ ಅರ್ಥ ಕಟ್ಟುತ್ತಾರೆ. ಸೀನ್ ಪೂರ್ತಿ ತೆಗೆದುಹಾಕಬೇಕಾಯಿತು. ಆ ರೈತರ ಪಾತ್ರ ಮಾಡಿದ ಹಿರಿಯರು ಅಷ್ಟು ಚೆನ್ನಾಗಿ ಅಭಿನಯಿಸಿದ್ದರು. ಅವರಿಗೆ ಫೋನ್ ಮಾಡಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ಶಬ್ದ. ದಯವಿಟ್ಟು ಡ್ರೋನ್ ಬಾಡಿಗೆಗೆ ಇಟ್ಟ ದುಡ್ಡನ್ನು ಒಳ್ಳೆಯ ಮೈಕಿಗೆ ಹಾಕಿ. ನಮ್ಮ ಬಿದಿರಿನ ಗೇಟನ್ನು ನೋಡುವವರು ಚೆಕ್‌ಪೋಸ್ಟ್ ಅಂತ ನಂಬಬೇಕಾದರೆ ಕಿವಿಯಿಂದಲೇ ನಂಬಬೇಕು. ತೋಟದಲ್ಲಿ ಎರಡೇ ಲಾರಿ ಇದ್ದವು. ಕತ್ತಲಿನ ಆಚೆ ಇಪ್ಪತ್ತಿವೆ ಅನ್ನಿಸುವುದು ಶಬ್ದದಿಂದ ಮಾತ್ರ.

ಅದಕ್ಕೇ ಕಳೆದ ವಾರ ನಾನೂ ಸೌಂಡ್ ಹುಡುಗನೂ ಮತ್ತೆ ಮದ್ದೂರಿಗೆ ಹೋಗಿದ್ದೆವು. ಬೆಳಗ್ಗೆ ಐದೂವರೆಗೆ ರಸ್ತೆ ಬದಿಯಲ್ಲಿ ರೆಕಾರ್ಡರ್ ಹಿಡಿದು ನಿಂತೆವು. ಚಳಿ. ಯಾರೋ ಬಾಯಿ ಮುಕ್ಕಳಿಸುತ್ತಿದ್ದರು, ಯಾರೋ ಟೈರಿಗೆ ಬಡಿದು ನೋಡುತ್ತಿದ್ದರು. ಆರು ಗಂಟೆ ಹತ್ತಿರವಾದಂತೆ ಮುಂದಿನ ಲಾರಿ ಸ್ಟಾರ್ಟ್ ಆಯಿತು. ಅದರ ಹಿಂದಿನದು, ಅದರ ಹಿಂದಿನದು. ಸದ್ದು ನಮ್ಮನ್ನು ದಾಟಿಕೊಂಡು ಸಾಲಿನ ಕೊನೆಯವರೆಗೂ ಹೋಯಿತು. ಹುಡುಗ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟ. ನಮ್ಮ ಕೊನೆಯ ಸೀನ್‌ಗೆ ಸಂಗೀತ ಹಾಕುತ್ತಿಲ್ಲ, ಈ ನಾಲ್ಕು ನಿಮಿಷವನ್ನೇ ಇಡುತ್ತಿದ್ದೇವೆ.