ಗೊತ್ತಿದ್ರೆ ಸಾಲದು, ಸರಿಯಾಗಿ ಒತ್ತಬೇಕು

ಯೂನಿವರ್ಸಿಟಿಗಳೆಲ್ಲ ಪರೀಕ್ಷೆನ ಕಂಪ್ಯೂಟರ್‌ಗೆ ಏರಿಸಿದ್ಮೇಲೆ ಎಲ್ಲಾ ಪಾರದರ್ಶಕ, ಎಲ್ಲಾ ನಿಖರ, ರಿಸಲ್ಟ್ ಅಂತೂ ತಕ್ಷಣ. ತಿಂಗಳುಗಟ್ಟಲೆ ಕಾದು ಫೇಲ್ ಆಗ್ತಿದ್ದೋರು ಈಗ ಸೀಟಿಂದ ಏಳೋ ಮುಂಚೆನೇ ಫೇಲ್ ಆಗಬಹುದು.

ಮಶಿನ್‌ಗೆ ಬೇಜಾರಾಗಲ್ಲ, ಕೈಬರಹ ನೋಡಿ ಮುಖ ಸಿಂಡರಿಸಲ್ಲ, ಒಪ್ಪಿದೆ, ಅದು ನಿಜವಾಗ್ಲೂ ಒಳ್ಳೇದೇ. ಆದ್ರೆ ಕೀ ಆನ್ಸರಲ್ಲಿ 0.5 ಅಂತಿದ್ದು ನೀವು 1/2 ಅಂತ ಟೈಪ್ ಮಾಡಿದ್ರೆ, ಸೆಟ್ಟಿಂಗ್ ಮಾಡಿದ ಪುಣ್ಯಾತ್ಮ ಅಷ್ಟು ದೂರ ಯೋಚಿಸಿಲ್ಲ ಅಂದ್ರೆ, ಸೊನ್ನೆ. ಉತ್ತರದ ನಡುವೆ ಒಂದು ಸ್ಪೇಸ್ ಜಾಸ್ತಿ ಬಿದ್ರೂ ಕೆಲವು ಕಡೆ ಸೊನ್ನೆನೇ. ಕಣ್ಣಿಗೆ ಕಾಣದ ತಪ್ಪಿಗೆ ಶಿಕ್ಷೆ ಕೊಡೋದು ಹಿಂದಿನ ಜನ್ಮದ ಕರ್ಮ ಬಿಟ್ರೆ ಇದೊಂದೇ.

ಇನ್ನು ರಫ್ ಶೀಟಿನ ಕತೆ ಕೇಳಿ. ಒಬ್ಬ ಹುಡುಗಿ ಮಾಡಿದ ಹತ್ತು ಸ್ಟೆಪ್ಪಿನ ಲೆಕ್ಕ, ಒಂಬತ್ತು ಸರಿ, ಕೊನೇದ್ರಲ್ಲಿ ಒಂದು ಮೈನಸ್ ಕೈಬಿಟ್ಟು ಹೋಯ್ತು ಅಂತಿಟ್ಕೊಳ್ಳಿ, ಹಳೇ ಮೇಷ್ಟ್ರಾಗಿದ್ರೆ ಬೈಕೊಂಡಾದ್ರೂ ಸ್ಟೆಪ್ಸಿಗೆ ಮಾರ್ಕ್ಸ್ ಹಾಕೋರು. ಈಗ ಆ ಹುಡುಗಿ ಯೋಚಿಸಿದ್ದೆಲ್ಲ ಇರೋ ರಫ್ ಶೀಟು ಕಸದಬುಟ್ಟಿಗೆ, ಅವಳು ತಪ್ಪಾಗಿ ಒತ್ತಿದ 'ಸಿ' ಆಪ್ಷನ್ ಮಾತ್ರ ಬ್ಯಾಕಪ್ ಸಮೇತ ಸರ್ವರಲ್ಲಿ ಶಾಶ್ವತ. ಪಕ್ಕದಲ್ಲಿ ಏನೂ ಓದದೆ ಬಂದು ಕೂತವನು ಕಣ್ಮುಚ್ಚಿ ಒತ್ತುತ್ತಾ ಹೋದ್ರೂ, ನಾಲ್ಕು ಆಪ್ಷನ್ ಇರೋದ್ರಿಂದ, 100 ಪ್ರಶ್ನೆಗೆ ಸರಾಸರಿ 25 ಸರಿಯಾಗತ್ತೆ. ನೆಗೆಟಿವ್ ಮಾರ್ಕಿಂಗ್ ಇದೆಯಲ್ಲ ಅಂತೀರಾ? 75 ತಪ್ಪಿಗೆ ತಲಾ ಕಾಲು ಮಾರ್ಕ್ಸ್ ಕಳೆದ್ರೂ 6.25 ಉಳಿಯತ್ತೆ. ಸೋಮಾರಿತನಕ್ಕೆ ದಶಮಾಂಶ ಸಮೇತ ಗೌರವಧನ!

ಅಮೆರಿಕದಂಥ ಕಡೆ ಮಾಸ್ಟರ್ಸ್, ಪಿಎಚ್‌ಡಿ ಓದೋಕೆ ಬರೆಯೋ ಜಿಆರ್‌ಇ ಪರೀಕ್ಷೆಲಿ 1990ರ ದಶಕದಲ್ಲೇ ಇನ್ನೊಂದು ಜಾಣತನ ಬಂತು, ಸರಿ ಉತ್ತರ ಕೊಟ್ರೆ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು, ಒಮ್ಮೆ ಒತ್ತಿದ್ಮೇಲೆ ವಾಪಸ್ ಹೋಗಂಗಿಲ್ಲ. 'ಪೇಪರ್ ಕೊಡೋ ಮುಂಚೆ ಇನ್ನೊಂದ್ಸಲ ನೋಡಪ್ಪಾ' ಅಂತ ಹೇಳಿಕೊಟ್ಟ ಅಮ್ಮಂದಿರಿಗೆ ಪಾಪ ಅಲ್ಗಾರಿದಮ್ ಗೊತ್ತಿರ್ಲಿಲ್ಲ. 2011ರಲ್ಲಿ ಜಿಆರ್‌ಇಯವ್ರೇ ಆ ಹಠ ಬಿಟ್ಟು ಸೆಕ್ಷನ್ ಒಳಗೆ ಹಿಂದೆಮುಂದೆ ಓಡಾಡ್ಕೊಳ್ಳಿ ಅಂದ್ರು. ಕಾಲೇಜು ಪರೀಕ್ಷೆ ಸಾಫ್ಟ್‌ವೇರಲ್ಲಿ ಬ್ಯಾಕ್ ಬಟನ್ ಮುಚ್ಚೋ ಸೆಟ್ಟಿಂಗ್ ಇವತ್ತಿಗೂ ಇದೆ, ಆನ್ ಮಾಡೋ ಉತ್ಸಾಹಿಗಳೂ ಇದ್ದಾರೆ.

ಪ್ರಬಂಧದ ಪ್ರಶ್ನೆ ಬಂದ್ರೆ ಮುಗೀತು. ಇತಿಹಾಸ ಅರೆದು ಕುಡಿದವನು ಎರಡೇ ಬೆರಳಲ್ಲಿ ಕೀಲಿ ಹುಡುಕ್ತಾ ಕೂತಿರ್ತಾನೆ, ವಾಕ್ಯ ಅರ್ಧದಲ್ಲಿರೋವಾಗ್ಲೇ ಆಟೋ ಸಬ್ಮಿಟ್.

ಆಮೇಲೆ ಕಮಿಟಿ ಕೂರತ್ತೆ, ಸರಾಸರಿ ಯಾಕಪ್ಪಾ ಇಳೀತು ಅಂತ. ಅದೇ ಪ್ರಶ್ನೆ ಪೇಪರಲ್ಲಿ ಕೊಟ್ರೆ ಒಂದು ಮಾರ್ಕ್ಸ್, ಸ್ಕ್ರೀನಲ್ಲಿ ಕೊಟ್ರೆ ಇನ್ನೊಂದು ಬರಬಹುದು, ಸಂಶೋಧಕರು ಇದಕ್ಕೆ ಮೋಡ್ ಎಫೆಕ್ಟ್ ಅಂತ ಹೆಸರಿಟ್ಟು ಎಷ್ಟೋ ಕಾಲ ಆಯ್ತು, ಆದ್ರೆ ಕಮಿಟಿಗೆ ಅದನ್ನ ಓದೋಕೆ ಪುರುಸೊತ್ತೆಲ್ಲಿ. ಮಕ್ಕಳ ಗುಣಮಟ್ಟ ಕುಸಿದಿದೆ ಅಂತ ಷರಾ ಬರೆದು, ಕ್ಲಿಕ್ ಮಾಡೋದು ಪ್ರಾಕ್ಟೀಸ್ ಆಗ್ಲಿ ಅಂತ ವಾರ ವಾರ ಮಾಕ್ ಟೆಸ್ಟ್ ಇಟ್ರು. ಟೈಮ್‌ಟೇಬಲಲ್ಲಿ ಜಾಗ ಬೇಕಲ್ಲ, ಅದಕ್ಕೆ ಪಾಠದ ಪೀರಿಯಡ್ ಎರಡು ತೆಗೆದ್ರು.