ಸರ್, ಅದು ಯುಟಿಸಿ ಅಲ್ವಾ?

ಅಕೌಂಟ್ಸ್‌ನವರ ಶೇರ್ (ಸರ್ವರಿನಲ್ಲಿ ಅವರು ಹಂಚಿಕೊಂಡು ಬಳಸುವ ಫೋಲ್ಡರ್) ಈಗ ತೆರೆಯುತ್ತಿದೆ, 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಅಕೌಂಟ್ಸ್‌ನವರು ಮನೆಗೆ ಹೋಗಿದ್ದಾರೆ, ಆದರೂ ಆ ನಾಲ್ಕು ಪದಗಳು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ.

ಭಾನುವಾರ ರಾತ್ರಿ ಸರ್ವರ್‌ಗಳಿಗೆ ಪ್ಯಾಚ್, ಅಂದರೆ ಅಪ್‌ಡೇಟ್, ಹಾಕಿದವನು ನಾನು. ಆದ್ದರಿಂದ ಸೋಮವಾರ ಏನು ಕೆಟ್ಟರೂ ಕೆಡಿಸಿದವನು ನಾನೇ. ಒಂದು ಕೈಕೊಟ್ಟರೆ ಇನ್ನೊಂದು ನಡೆಸುವಂತೆ ಜೋಡಿಸಿದ ಸರ್ವರ್‌ಗಳು ನಮ್ಮವು, ಅದಕ್ಕೇ ಕ್ಲಸ್ಟರ್ ಎನ್ನುವುದು. 23:40ಕ್ಕೆ ಫೈಲ್ ಸರ್ವರ್ ರೋಲನ್ನು (ಶೇರ್‌ಗಳನ್ನು ಒದಗಿಸುವ ಕೆಲಸವನ್ನು) ಅದರ ಎರಡನೇ ನೋಡ್‌ಗೆ, ಅಂದರೆ ಎರಡನೇ ಸರ್ವರಿಗೆ, ಸರಿಸಿದಾಗ ಡಿಸ್ಕ್, ಐಪಿ, ನೆಟ್‌ವರ್ಕ್ ನೇಮ್ ಎಲ್ಲವೂ ಆನ್‌ಲೈನ್ ಎಂದೇ ತೋರಿಸಿದವು. ಬೆಳಿಗ್ಗೆ ನೋಡಿದರೆ ಉಳಿದ ಶೇರ್‌ಗಳೆಲ್ಲ ತೆರೆಯುತ್ತವೆ, ಅಕೌಂಟ್ಸ್‌ನದ್ದೊಂದು ಮಾತ್ರ ಏಳುವುದಿಲ್ಲ. ನಾನು ಮೊದಲು ಆಕ್ಟಿವ್ ಡೈರೆಕ್ಟರಿಯಲ್ಲಿ (ಬಳಕೆದಾರರ, ಕಂಪ್ಯೂಟರ್‌ಗಳ ಖಾತೆಗಳಿರುವ ಕಡೆ) ಕ್ಲಸ್ಟರ್ ಹೆಸರಿನ ಅನುಮತಿಗಳನ್ನು ಅನುಮಾನಿಸಿದೆ, ಆಮೇಲೆ ಆಂಟಿವೈರಸ್ಸನ್ನು, ಅದಾದ ಮೇಲೆ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಸ್ಟೋರೇಜ್ ತಂಡದವರನ್ನು. ಆ ತಂಡದವರನ್ನು ಅನುಮಾನಿಸುವುದು ನನಗೆ ಸ್ವಲ್ಪ ಇಷ್ಟವಾದ ಕೆಲಸವೂ ಹೌದು.

ಹನ್ನೊಂದೂವರೆಗೆ ಮೀಟಿಂಗ್ ಕರೆದರು. ಮ್ಯಾನೇಜರ್, ಅಕೌಂಟ್ಸ್ ಮುಖ್ಯಸ್ಥೆ, ಸ್ಟೋರೇಜ್‌ನ ಇಬ್ಬರು, ಕೊನೆಯ ಕುರ್ಚಿಯಲ್ಲಿ ಮೂರು ತಿಂಗಳ ಹಿಂದೆ ಸೇರಿದ ಹುಡುಗ. ವಿಂಡೋಸ್ ತನ್ನ ದೋಷಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದು ತೋರಿಸಿದ್ದರೆ ಸಾಕಿತ್ತು, ಅದು ನಮ್ಮ ಸಮಯವನ್ನೇ ತೋರಿಸುತ್ತದೆ. ಆದರೆ ಅದನ್ನು ಯಾರು ಬೇಕಾದರೂ ಓದಬಲ್ಲರಲ್ಲ, ಹಾಗಾಗಿ ದೊಡ್ಡಸ್ತಿಕೆಗೆಂದು ನಾನು ಕ್ಲಸ್ಟರ್ ತಾನೇ ಬರೆದಿಡುವ ವಿವರವಾದ ದಾಖಲೆಯನ್ನು, ಕ್ಲಸ್ಟರ್ ಲಾಗನ್ನು, ತೆಗೆದು ಗೋಡೆಯ ಪರದೆಯ ಮೇಲೆ ಹಾಕಿದೆ. ಭಾನುವಾರದ ತಾರೀಖು, 18:10, ಶೇರ್ ಸೃಷ್ಟಿಸಲಾಗಲಿಲ್ಲ ಎಂಬ ಸಾಲು. ಅದನ್ನು ಹಳದಿ ಬಣ್ಣದಲ್ಲಿ ಗುರುತಿಸಿ, ಧ್ವನಿಯನ್ನು ಸ್ವಲ್ಪ ಏರಿಸಿಯೇ ಹೇಳಿದೆ: "ಸಂಜೆ ಆರೂ ಹತ್ತಕ್ಕೇ ಇದು ಬಿದ್ದಿದೆ. ನಾನು ಲಾಗಿನ್ ಆಗಿದ್ದೇ ರಾತ್ರಿ ಹನ್ನೊಂದರ ಮೇಲೆ. ಸಂಜೆ ಡಿಸ್ಕ್ ಮುಟ್ಟಿದವರು ಯಾರು ಅಂತ ಅವರೇ ಹೇಳಲಿ."

ಯಾರೂ ಮಾತಾಡಲಿಲ್ಲ. ನಾನು ಗೆದ್ದೆನೆಂದೇ ತಿಳಿದೆ. ಆಗ ಆ ಹುಡುಗ, ಅವಮಾನಿಸುವ ಉದ್ದೇಶ ಎಳ್ಳಷ್ಟೂ ಇಲ್ಲದೆ, ನಿಜವಾಗಿಯೂ ಸಂಶಯ ಕೇಳುವವನಂತೆ ಕೇಳಿದ: "ಸರ್, ಅದು ಯುಟಿಸಿ ಅಲ್ವಾ?"

ಕ್ಲಸ್ಟರ್ ಲಾಗ್ ಬರೆಯುವುದು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹದಿನೆಂಟೂ ಹತ್ತಕ್ಕೆ ಐದೂವರೆ ಗಂಟೆ ಸೇರಿಸಿದರೆ ಇಪ್ಪತ್ತಮೂರೂ ನಲವತ್ತು. ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿದವರು ಅಕೌಂಟ್ಸ್ ಮುಖ್ಯಸ್ಥೆ. ಅದು ನಾನೇ ರೋಲ್ ಸರಿಸಿದ ನಿಮಿಷ. ಅದನ್ನು ನಾನೇ ಹಳದಿ ಬಳಿದು ಗೋಡೆಗೆ ಅಂಟಿಸಿದ್ದೆ. ಸ್ಟೋರೇಜ್‌ನವರಲ್ಲಿ ಒಬ್ಬರು ನೀರಿನ ಬಾಟಲಿ ಎತ್ತಿ, ನಗು ಮುಚ್ಚಿಕೊಳ್ಳಲು ಬೇಕಾದಷ್ಟು ಹೊತ್ತು ಕುಡಿದರು. ಹದಿನಾಲ್ಕು ವರ್ಷದ ಅನುಭವ ಆ ಒಂದು ಬಾಟಲಿ ನೀರಿನಲ್ಲಿ ಕರಗಿಹೋಯಿತು.

ಆದರೆ ತಪ್ಪು ನನ್ನದಾಗಿರಲಿಲ್ಲ! ಇದನ್ನು ಯಾರಾದರೂ ಕೇಳಿಸಿಕೊಳ್ಳುತ್ತೀರಾ? ಶೇರ್ ಏಳಲಿಲ್ಲ ಎಂದು ಇವೆಂಟ್ ವ್ಯೂವರ್‌ನಲ್ಲಿ ದಾಖಲಾಗಿದ್ದ ಇವೆಂಟ್ 1068ರಲ್ಲಿ ದೋಷಸಂಖ್ಯೆ 2 ಎಂದು ಬೆಳಗಿನಿಂದಲೂ ಬರೆದೇ ಇತ್ತು. ಎರಡು ಎಂದರೆ ಹೇಳಿದ ಫೈಲ್ ಸಿಗುತ್ತಿಲ್ಲ ಎಂದರ್ಥ, ಅದರಲ್ಲಿ ಬೇರೆ ಗೂಢವೇನೂ ಇಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನು ನಾನು. ಮಧ್ಯಾಹ್ನ ಡಿಸ್ಕ್ ತೆರೆದು ನೋಡಿದರೆ, ವರ್ಷಗಳ ಹಿಂದೆ ಯಾರೋ ಒಂದೇ 'ಸಿ' ಹಾಕಿ ತಪ್ಪಾಗಿ ಬರೆದಿದ್ದ ಅಕೌಂಟ್ಸ್ ಫೋಲ್ಡರ್‌ಗೆ ಈಗ ಎರಡು 'ಸಿ'. ಯಾರೋ ಪುಣ್ಯಾತ್ಮರು ಶನಿವಾರ ಸಂಜೆಯಿಂದ ಭಾನುವಾರ ರಾತ್ರಿಯೊಳಗೆ ಕಾಗುಣಿತ ತಿದ್ದಿದ್ದಾರೆ. ಕ್ಲಸ್ಟರ್ ಮಾತ್ರ ಹಳೆಯ ಒಂದು 'ಸಿ'ಯ ದಾರಿಯನ್ನೇ ನೆನಪಿಟ್ಟುಕೊಂಡು, ಆ ಫೋಲ್ಡರ್ ಕಾಣದೆ, ಈ ಪ್ರಯತ್ನವನ್ನು ತಾನಾಗಿಯೇ ಮತ್ತೆ ಮಾಡುತ್ತೇನೆ ಎಂದು ಪ್ರತಿಸಲವೂ ವಿನಯದಿಂದ ಬರೆದಿಟ್ಟಿದೆ. ಇಲ್ಲದ ಫೋಲ್ಡರನ್ನು ನೂರು ಸಲ ಹುಡುಕಿದರೆ ನೂರೊಂದನೆಯ ಸಲ ಹುಟ್ಟಿಬರುತ್ತದೆಯೇ?

ಹೆಸರನ್ನು ಮೊದಲಿನಂತೆ ತಪ್ಪಾಗಿಯೇ ಬರೆದು, ಕ್ಲಸ್ಟರ್‌ನಲ್ಲಿ ಶೇರ್‌ಗಳನ್ನೆಲ್ಲ ನಡೆಸುವ ರಿಸೋರ್ಸನ್ನು ಆಫ್‌ಲೈನ್ ಮಾಡಿ ಆನ್‌ಲೈನ್‌ಗೆ ತಂದೆ. ಶೇರ್ ಬಂತು. ಆ ಕೆಲವೇ ಕ್ಷಣ ಉಳಿದ ಶೇರ್‌ಗಳೂ ಬಿದ್ದದ್ದಕ್ಕೆ ಸ್ಟೋರ್ಸ್ ವಿಭಾಗದಿಂದ ಬೈಗುಳವೂ ಬಂತು.

ಆ ಎರಡನೇ 'ಸಿ' ಸೇರಿಸಿದ್ದು ಯಾರು? ನಾನಂತೂ ಅಲ್ಲ. ಸರ್ವರಿಗೆ ಲಾಗಿನ್ ಆಗುವ ಹಕ್ಕಿರುವವರು ನಮ್ಮಲ್ಲಿ ಐದೇ ಜನ. ಒಬ್ಬರಾದರೂ ಬಾಯಿ ಬಿಡಿ, ನಾನು ಜಗಳವಾಡುವುದಿಲ್ಲ. ಸುಳ್ಳು, ಆಡುತ್ತೇನೆ, ಆದರೂ ಹೇಳಿ. ಯಾರು ಯಾವ ಫೈಲ್ ಮುಟ್ಟಿದರೆಂದು ಬರೆದಿಡುವ ಫೈಲ್ ಆಡಿಟಿಂಗ್ ಇದ್ದಿದ್ದರೆ ಹೆಸರು ಸಿಗುತ್ತಿತ್ತು, ಆದರೆ ಲಾಗ್ ತುಂಬಿಹೋಗುತ್ತದೆ ಎಂದು ಕಳೆದ ವರ್ಷ ಅದನ್ನು ಬೇಡವೆಂದವನೂ ನಾನೇ. ಇನ್ನು ಯಾರನ್ನು ಕೇಳಿ ಏನು ಪ್ರಯೋಜನ, ಹೋಗಲಿ ಬಿಡಿ. ಮ್ಯಾನೇಜರ್ ವರದಿಯಲ್ಲಿ ಕಾರಣವೆಂಬಲ್ಲಿ "ಪ್ಯಾಚಿಂಗ್ ನಂತರದ ತೊಂದರೆ" ಎಂದು ಬರೆದಾಗಿದೆ. ನಂತರದ! ಆ ಒಂದು ಪದಕ್ಕೆ ನಾನು ಉತ್ತರ ಬರೆಯುತ್ತೇನೆ, ಇವತ್ತೇ ಬರೆಯುತ್ತೇನೆ.

ಈಗಷ್ಟೇ ಆ ಹುಡುಗನ ಮೆಸೇಜ್ ಬಂತು: ಲಾಗ್ ತೆಗೆಯುವ ಕಮಾಂಡಿಗೆ 'ಯೂಸ್‌ಲೋಕಲ್‌ಟೈಮ್' ಎಂದು ಸೇರಿಸಿದರೆ ನಮ್ಮ ಸಮಯವೇ ಬರುತ್ತದೆಯಂತೆ. ಜೊತೆಗೊಂದು ನಗುಮುಖ. ಥ್ಯಾಂಕ್ಸ್ ಎಂದು ಟೈಪ್ ಮಾಡಿ ಎರಡು ಸಲ ಅಳಿಸಿದ್ದೇನೆ.